ಘಟಪ್ರಭೆಯ ದಡದಲ್ಲಿ ಘೇಂಡಾಮೃಗ

ಗೋಕಾಕ ಸೀಮೆಯ ಎರೆಭೂಮಿಯಲ್ಲಿ ಒಂದು ಕಾಲಕ್ಕೆ ಘೇಂಡಾಮೃಗ ಮೇಯುತ್ತಿತ್ತು. ಅದಕ್ಕೆ ಸಾಕ್ಷಿಯಾದ ದವಡೆ, ಹಲ್ಲುಗಳು ಗೋಕಾಕದ ಹತ್ತಿರವೇ ಸಿಕ್ಕವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಅಧಿಕಾರಿ ರಾಬರ್ಟ್ ಬ್ರೂಸ್ ಫೂಟ್ ಅವರು ಅವನ್ನು ಪರೀಕ್ಷಿಸಿ, ಸರ್ವೇಕ್ಷಣೆಯ ‘ಪೇಲಿಯಂಟಾಲಾಜಿಯಾ ಇಂಡಿಕಾ’ ಗ್ರಂಥಮಾಲೆಯಲ್ಲಿ 1874ರಲ್ಲಿ ವರ್ಣಿಸಿದರು. ಆ ಪ್ರಾಣಿಗೆ ‘ರೈನೋಸೆರಸ್ ಡೆಕ್ಕನೆನ್ಸಿಸ್’ ಎಂದು ಹೆಸರಿಟ್ಟರು. ದಖ್ಖನ್ನಿನ ಘೇಂಡಾಮೃಗ ಎಂದು ಅದರ ಅರ್ಥ. ಸಿಕ್ಕ ಊರನ್ನು ಇಂಗ್ಲಿಷ್ ದಾಖಲೆಗಳು ಚಿಕ್‌ದೌಲಿ ಎನ್ನುತ್ತವೆ. ಹೊಳೆಗೆ ನೆರೆ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ಹೆಸರು ಕಾಣುವ ಇಂದಿನ ಚಿಗಡೊಳ್ಳಿಯೇ ಅದಾಗಿರಬೇಕು. ಫೂಟ್ ಅವರನ್ನು ನಾವು ಭಾರತದ ಪ್ರಾಗಿತಿಹಾಸದ ಪಿತಾಮಹ ಎಂದು ಪಾಠದಲ್ಲಿ ಓದುತ್ತೇವೆ. 1863ರಲ್ಲಿ ಮದ್ರಾಸಿನ ಪಲ್ಲಾವರಂನಲ್ಲಿ ಅವರಿಗೆ ಸಿಕ್ಕ ಕೊಡಲಿಗಲ್ಲಿನ ಸುದ್ದಿ ಎಲ್ಲರಿಗೂ ಗೊತ್ತು. ನಮ್ಮ ನೆಲದ ಘೇಂಡಾಮೃಗದ ಸುದ್ದಿ ಮಾತ್ರ ಒಂದೂವರೆ ಶತಮಾನದಿಂದ ತಜ್ಞರ ಕಪಾಟಿನಲ್ಲೇ ಉಳಿದಿದೆ. ಆ ಎಲುಬನ್ನು ಹೊರಗೆ ಹಾಕಿದ ಬಗೆಯ ಹಳ್ಳಕೊಳ್ಳಗಳು ಈಗಲೂ ಹರಿಯುತ್ತಿವೆ, ದಂಡೆಗಳು ಈಗಲೂ ಕುಸಿಯುತ್ತಿವೆ. ಹೀಗಿರುವಾಗ ಹೊರಬೀಳುವ ಪಳೆಯುಳಿಕೆಯನ್ನು ಕಾಯಬೇಕಾದವರು ಯಾರು? ದಿನವೂ ಆ ದಂಡೆಯ ಮೇಲೆ ನಡೆದಾಡುವ ಊರಿನವರು. ಅವರ ಕಣ್ಣನ್ನು ಪಳಗಿಸದ ಯಾವ ಕಾಯ್ದೆಯೂ, ಯಾವ ಇಲಾಖೆಯೂ ಈ ಕೆಲಸವನ್ನು ಮಾಡಲಾರದು ಎಂಬುದೇ ಈ ಲೇಖನದ ವಾದ.

ಪಳೆಯುಳಿಕೆ ಹುಡುಕುವುದೆಂದರೆ ಜಗತ್ತಿಗೆ ಮೊದಲು ನೆನಪಾಗುವುದು ಕಡಲ ಬದಿಯ ಕಡಿದಾದ ಬಂಡೆಗೋಡೆ. ಇಂಗ್ಲೆಂಡಿನ ಡಾರ್ಸೆಟ್ ಕರಾವಳಿಯಲ್ಲಿ ಲೈಮ್ ರೀಜಿಸ್ ಎಂಬ ಪುಟ್ಟ ಊರಿದೆ. ಅಲ್ಲಿನ ಬಡಗಿಯೊಬ್ಬನ ಮಗಳು ಮೇರಿ ಆ್ಯನಿಂಗ್ 1799ರಲ್ಲಿ ಹುಟ್ಟಿದಳು. ಕುಸಿದ ದಡದಲ್ಲಿ ಸಿಕ್ಕ ಸುರುಳಿಚಿಪ್ಪುಗಳನ್ನು ಮಾರಿ ಆ ಕುಟುಂಬ ಹೊಟ್ಟೆ ಹೊರೆಯುತ್ತಿತ್ತು. 1811ರಲ್ಲಿ ಅಣ್ಣನಿಗೆ ಒಂದು ವಿಚಿತ್ರ ತಲೆಬುರುಡೆ ಕಂಡಿತು. ಉಳಿದ ಅಸ್ಥಿಪಂಜರವನ್ನು ಮೇರಿ ಹುಡುಕಿ ತೆಗೆದಳು. ವಿಜ್ಞಾನಲೋಕ ಇಕ್ತಿಯೋಸಾರ್ ಎಂಬ ಕಡಲ ಸರೀಸೃಪದ ಕಡೆಗೆ ಗಂಭೀರವಾಗಿ ತಿರುಗಿ ನೋಡಿದ್ದು ಆಗಲೇ. 1823ರಲ್ಲಿ ಪ್ಲೀಸಿಯೋಸಾರ್‌ ಎಂಬ ಇನ್ನೊಂದು ಕಡಲ ಸರೀಸೃಪದ ಪೂರ್ಣ ಅಸ್ಥಿಪಂಜರವೂ ಅವಳ ಕೈಗೇ ಸಿಕ್ಕಿತು. ಹೆಣ್ಣೆಂಬ ಕಾರಣಕ್ಕೆ ಲಂಡನ್ನಿನ ಜಿಯಾಲಾಜಿಕಲ್ ಸೊಸೈಟಿ ಅವಳನ್ನು ಸದಸ್ಯಳಾಗಿ ಸೇರಿಸಿಕೊಳ್ಳಲಿಲ್ಲ. ಆದರೆ ಅವಳು ತೆಗೆದ ಎಲುಬುಗಳ ಮೇಲೆಯೇ ಆ ಸೊಸೈಟಿಯ ಗಂಡಸರು ಪ್ರಬಂಧ ಬರೆದರು. ಈ ಕಥೆಯಲ್ಲಿ ನಮಗೆ ಬೇಕಾದ ತಿರುಳು ಬೇರೆ. ಆ ಕರಾವಳಿಯಲ್ಲಿ ಪಳೆಯುಳಿಕೆಯನ್ನು ಹೊರಗೆ ಹಾಕುವುದೂ ಕಡಲೇ, ಪುಡಿ ಮಾಡುವುದೂ ಕಡಲೇ. ಚಳಿಗಾಲದ ಬಿರುಗಾಳಿಗೆ ಬಂಡೆ ಜರಿದು ಒಂದು ಎಲುಬು ಕಂಡರೆ, ಕೆಲವು ಉಬ್ಬರಗಳಲ್ಲಿ ಅದು ಸವೆದು ಮರಳಾಗುತ್ತದೆ. ನಡುವಿನ ಆ ಸ್ವಲ್ಪ ಹೊತ್ತಿನಲ್ಲಿ ಯಾರ ಕಣ್ಣಾದರೂ ಬಿದ್ದರೆ ಅದು ಉಳಿಯುತ್ತದೆ. ಲಂಡನ್ನಿನ ಪಂಡಿತರು ಆ ಹೊತ್ತಿಗೆ ಅಲ್ಲಿರಲು ಸಾಧ್ಯವಿರಲಿಲ್ಲ, ಇದ್ದವಳು ಮೇರಿ.

ಸಂಕೇಶ್ವರ, ಹುಕ್ಕೇರಿ, ಗೋಕಾಕ, ಮೂಡಲಗಿಯ ಸೀಮೆಗೆ ಕಡಲಿಲ್ಲ. ‘ನಮ್ಮಲ್ಲಿ ಇರುವುದು ಬರೀ ಕರಿಕಲ್ಲು, ಬೆಂಕಿಯಿಂದ ಹುಟ್ಟಿದ ಕಲ್ಲಿನಲ್ಲಿ ಎಲುಬು ಎಲ್ಲಿಂದ ಬರಬೇಕು’ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಯಲ್ಲಿ ಅರ್ಧ ಸತ್ಯವಿದೆ. ಸಂಕೇಶ್ವರದ ಕಾಲಡಿಯ ಬಸಾಲ್ಟ್ ಶಿಲೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಆರಿ ಗಟ್ಟಿಯಾದದ್ದು. ಅದರೊಳಗೆ ಜೀವಿಯ ಗುರುತು ಉಳಿಯುವುದಿಲ್ಲ. ಆದರೆ ಒಂದು ಲಾವಾ ಹರಿವಿಗೂ ಇನ್ನೊಂದಕ್ಕೂ ನಡುವೆ ಸಾವಿರಾರು ವರ್ಷಗಳ ಬಿಡುವು ಇರುತ್ತಿತ್ತು. ಆ ಬಿಡುವಿನಲ್ಲಿ ಕೆರೆಗಳು ತುಂಬಿದವು, ಗಿಡ ಬೆಳೆದವು, ಬಸವನಹುಳುಗಳು ಹರಿದಾಡಿದವು. ಯಾದಗಿರಿ ಜಿಲ್ಲೆಯ ಗುರುಮಠಕಲ್ ಬಳಿ ಇಂಥ ನಡುಪದರಗಳಿಂದ ಸಿಹಿನೀರಿನ ಸೂಕ್ಷ್ಮಜೀವಿಗಳ ಚಿಪ್ಪುಗಳನ್ನು ವಿಜ್ಞಾನಿಗಳು ತೆಗೆದಿದ್ದಾರೆ. ಇನ್ನು ಗೋಕಾಕದ ಕಡೆ ಸರಿದರೆ ಕರಿಕಲ್ಲು ಮುಗಿದು ಕಲಾದಗಿ ಶಿಲಾಸರಣಿ ಏಳುತ್ತದೆ. ಘಟಪ್ರಭೆ ಸುಮಾರು 52 ಮೀಟರ್ ಎತ್ತರದಿಂದ ಧುಮುಕುವ ಆ ಕಡಿದಾದ ಬಂಡೆ ಈ ಸರಣಿಯ ಗಟ್ಟಿ ಮರಳುಗಲ್ಲಿನದು. ಈ ಸರಣಿಯ ಕೆಳಪದರಗಳು ನೂರು ಕೋಟಿ ವರ್ಷಗಳಿಗೂ ಹಿಂದಿನವು. ಅದರ ಕಲ್ಲುಗಳ ಮೇಲೆ ಅಲೆಯ ಗೆರೆಗಳು ಹಾಗೆಯೇ ಅಚ್ಚಾಗಿವೆ. ಬಾಗಲಕೋಟೆ, ಲೋಕಾಪುರದ ಸುತ್ತಿನ ಸುಣ್ಣಕಲ್ಲುಗಳಲ್ಲಿ ಸ್ಟ್ರೊಮೆಟೊಲೈಟ್ ಎಂಬ ಪದರಪದರದ ಗುಮ್ಮಟಗಳಿವೆ. ಆಳವಿಲ್ಲದ ಕಡಲನೀರಿನಲ್ಲಿ ಸೂಕ್ಷ್ಮಜೀವಿಗಳು ಚಾಪೆಯಂತೆ ಹಬ್ಬಿ, ಕೆಸರನ್ನು ಹಿಡಿದು ಕಟ್ಟಿದ ಗುಮ್ಮಟಗಳವು. ಕಡಲಿಲ್ಲದ ನಾಡು ಎಂದು ನಾವು ಕರೆಯುವ ಇದೇ ನೆಲ ಒಮ್ಮೆ ಕಡಲ ಅಂಚಾಗಿತ್ತು. ಮೂಡಲಗಿ ತಾಲ್ಲೂಕಿನ ಯಾದವಾಡದ ಸುಣ್ಣಕಲ್ಲು ಇಂದು ಸಿಮೆಂಟ್ ಆಗುತ್ತಿದೆ. ಅದೂ ಆ ಹಳೆಯ ನೀರಿನ ತಳದಲ್ಲಿ ಕೂತ ಕಲ್ಲೇ.

ಹಾಗಿದ್ದರೂ ಈ ಸೀಮೆಯ ನಿಜವಾದ ಎಲುಬಿನ ಕಣಜ ಇವೆರಡೂ ಅಲ್ಲ. ಅದು ಹೊಳೆಯ ಹಳೆಯ ಮಣ್ಣು. ಘಟಪ್ರಭೆಯ ಅಥವಾ ಅದರ ಒಂದು ಹಳ್ಳದ ಕಡಿದ ದಂಡೆಯನ್ನು ಎದುರು ನಿಂತು ನೋಡಿದರೆ ಮೇಲೆ ಎರೆ, ಅದರ ಕೆಳಗೆ ಸುಣ್ಣದ ಹರಳು ತುಂಬಿದ ಕಂದು ಹಳದಿ ಮಣ್ಣು, ಎಲ್ಲಕ್ಕೂ ಕೆಳಗೆ ಸುಣ್ಣದಿಂದ ಬೆಸೆದು ಕಲ್ಲಾದ ಉಸುಕು ಮತ್ತು ಗುಂಡುಗಲ್ಲಿನ ಪದರ ಕಾಣುತ್ತದೆ. ಈ ಕೆಳಗಿನ ಪದರಗಳು ಪ್ಲೈಸ್ಟೊಸೀನ್ ಯುಗದವು. ಮನುಷ್ಯ ಕಲ್ಲಿನ ಕೊಡಲಿ ಹಿಡಿದು ಇದೇ ಹೊಳೆಸಾಲಿನಲ್ಲಿ ಬೇಟೆಯಾಡುತ್ತಿದ್ದ ಕಾಲ. ಪುಣೆಯ ಡೆಕ್ಕನ್ ಕಾಲೇಜಿನ ಆರ್. ಎಸ್. ಪಪ್ಪು ಅವರು ಮೇಲಣ ಕೃಷ್ಣಾ ಕೊಳ್ಳವನ್ನು ನಡೆದು ಅಳೆದು, ಈ ಪದರಗಳನ್ನೂ ಅವುಗಳಲ್ಲಿನ ಕಲ್ಲಿನ ಆಯುಧಗಳನ್ನೂ 1974ರ ತಮ್ಮ ಪುಸ್ತಕದಲ್ಲಿ ವಿವರಿಸಿದರು. ಘಟಪ್ರಭೆಯ ಮೇಲಿನ ಅನಗವಾಡಿ ಅದರಿಂದಲೇ ಹೆಸರಾಯಿತು. ಅದಕ್ಕೂ ಮೊದಲು ಪಕ್ಕದ ಮಲಪ್ರಭೆಯಲ್ಲಿ ಆರ್. ವಿ. ಜೋಶಿ ಅವರು ಇಂಥದೇ ಕೆಲಸ ಮಾಡಿ 1955ರಲ್ಲಿ ಪ್ರಕಟಿಸಿದ್ದರು. ಗಮನಿಸಬೇಕಾದ ಸಂಗತಿ ಏನೆಂದರೆ, ಇವರೆಲ್ಲರೂ ಓದಿದ್ದು ಹೊಳೆ ಕಡಿದುಕೊಟ್ಟ ಗೋಡೆಗಳನ್ನೇ. ಸಹ್ಯಾದ್ರಿಯ ಆಂಬೋಲಿ ಬಳಿ ಹುಟ್ಟುವ ಹಿರಣ್ಯಕೇಶಿ ಆಜರಾ, ಗಡಹಿಂಗ್ಲಜ ದಾಟಿ ಸಂಕೇಶ್ವರಕ್ಕೆ ಬರುವ ಹೊತ್ತಿಗೆ ಮಳೆಗಾಲದಲ್ಲಿ ಏನು ಬಲ ಪಡೆದಿರುತ್ತದೆ ಎಂಬುದು ಈ ಭಾಗದವರಿಗೆ ಹೇಳಬೇಕಾಗಿಲ್ಲ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಗೋಕಾಕ ನಗರದೊಳಗೇ ನುಗ್ಗಿತು. ಮನೆ, ಬೆಳೆ, ದನಕರು ಹೋದ ದುಃಖದಲ್ಲಿ ದಂಡೆಯ ಮಣ್ಣಿನಲ್ಲಿ ಏನು ಕಂಡಿತು, ಏನು ಕೊಚ್ಚಿಹೋಯಿತು ಎಂದು ಯಾರೂ ನೋಡಿರಲಾರರು. ನೋಡಬೇಕಿತ್ತು ಎಂದು ಆ ಹೊತ್ತಿನಲ್ಲಿ ಹೇಳುವುದೂ ಸಲ್ಲದು. ಆದರೆ ಅಂಥ ಪ್ರತಿ ನೆರೆಯೂ ಡಾರ್ಸೆಟ್ಟಿನ ಚಳಿಗಾಲದ ಕಡಲು ಮಾಡುವ ಕೆಲಸವನ್ನೇ ಇಲ್ಲಿ ಮಾಡುತ್ತದೆ. ಹೊಸ ಗೋಡೆ ಕಡಿಯುತ್ತದೆ, ಹಳೆಯದನ್ನು ಒಯ್ಯುತ್ತದೆ.

ಅಂಬರ್ ಕೂಡ ಇಲ್ಲಿ ಸಿಗಬಹುದೇ ಎಂದು ಆಸೆಪಡುವವರಿಗೆ ಇಲ್ಲವೆಂದೇ ಹೇಳಬೇಕು. ಅಂಬರ್ ಎಂದರೆ ಮರದ ರಾಳ ಮಣ್ಣಿನಡಿ ಹೂತು, ಗಾಳಿ ತಾಗದೆ, ಲಕ್ಷಗಟ್ಟಲೆ ವರ್ಷಗಳಲ್ಲಿ ಗಟ್ಟಿಯಾದದ್ದು. ಕಲಾದಗಿ ಕಲ್ಲು ಮರಗಳೇ ಹುಟ್ಟುವ ಮೊದಲಿನದು. ಹೊಳೆಯ ಮೆಕ್ಕಲು ಇತ್ತೀಚಿನದು, ಗಾಳಿ ಬಿಸಿಲಿಗೆ ತೆರೆದದ್ದು. ಭಾರತದ ಹೆಸರಾಂತ ಅಂಬರ್ ಗುಜರಾತಿನ ಸೂರತ್ ಬಳಿಯ ವಸ್ತಾನ್, ತಡಕೇಶ್ವರ ಲಿಗ್ನೈಟ್ ಗಣಿಗಳದ್ದು. ಅದು ಐದು ಕೋಟಿ ವರ್ಷಗಳಿಗೂ ಹಳೆಯದು. ಜರ್ಮನಿಯ ಜೆಸ್ ರಸ್ಟ್, ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯ ಹುಕಂ ಸಿಂಗ್, ಅಶೋಕ್ ಸಾಹ್ನಿ ಮೊದಲಾದವರು 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಸುಮಾರು 150 ಕಿಲೊ ಅಂಬರ್‌ನಲ್ಲಿ 700ಕ್ಕೂ ಹೆಚ್ಚು ಕೀಟ, ಜೇಡ ಮೊದಲಾದ ಜೀವಿಗಳು ಸಿಕ್ಕವು. ಏಷ್ಯಾಕ್ಕೆ ಬಂದು ಸೇರುವ ಮೊದಲು ಭಾರತದ ಭೂಖಂಡ ಬಹುಕಾಲ ಒಂಟಿ ದ್ವೀಪವಾಗಿತ್ತು, ಅದರ ಜೀವಿಗಳೂ ಜಗತ್ತಿನಿಂದ ಬೇರೆಯಾಗಿದ್ದವು ಎಂಬ ತಿಳಿವಳಿಕೆಯನ್ನು ಆ ಪುಟ್ಟ ಕೀಟಗಳು ಅಲುಗಿಸಿದವು. ಅವುಗಳ ಬಂಧುಗಳು ಏಷ್ಯಾ, ಯುರೋಪಿನಲ್ಲೂ ಇದ್ದರು. ಈ ಗಣಿಗಳಲ್ಲಿ ತೆಗೆಯುತ್ತಿದ್ದದ್ದು ಉರುವಲಿನ ಲಿಗ್ನೈಟ್. ಜೊತೆಗೆ ಬಂದ ರಾಳದ ಹರಳಿಗೆ ಗಣಿಯ ಲೆಕ್ಕದಲ್ಲಿ ಬೆಲೆಯಿರಲಿಲ್ಲ. ಗಣಿಯ ಗೋಡೆಯೂ ಒಂದು ಬಂಡೆಗೋಡೆಯೇ, ಅದನ್ನು ಕಡಿಯುವುದು ಕಡಲಿನ ಬದಲು ಯಂತ್ರ, ಅಷ್ಟೆ. ಅಂಬರ್ ಇಲ್ಲದ ನಮಗೂ ಈ ಮಾತು ಅನ್ವಯಿಸುತ್ತದೆ.

ಏಕೆಂದರೆ ನಮ್ಮ ಸೀಮೆಯಲ್ಲಿ ಹೊಳೆಗಿಂತ ಹೆಚ್ಚಾಗಿ ನೆಲ ಕಡಿಯುತ್ತಿರುವುದು ನಾವೇ. ಇಟ್ಟಂಗಿ ಭಟ್ಟಿಗೆ ದಂಡೆಯ ಮಣ್ಣು ಹೋಗುತ್ತದೆ, ಕಟ್ಟಡಕ್ಕೆ ಉಸುಕು, ರಸ್ತೆಗೆ ಗರಸು. ಬಾವಿ, ಕೃಷಿಹೊಂಡ, ಕಾಲುವೆ, ಪೈಪ್‌ಲೈನ್ ಎಂದು ಜೆಸಿಬಿ ಎರೆಯನ್ನು ಸೀಳಿ ಸುಣ್ಣದ ಹರಳಿನ ಪದರಕ್ಕೆ ಇಳಿಯುತ್ತದೆ. ಫೂಟ್ ತಮ್ಮ ಸರ್ವೇಕ್ಷಣೆಯ ಅವಧಿಯಲ್ಲಿ ನೋಡಿದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಹಳೆಯ ಮಣ್ಣು ಈಗ ಒಂದು ಬೇಸಿಗೆಯಲ್ಲೇ ಹೊರಬರುತ್ತದೆ. ಅದನ್ನು ಮೊದಲು ನೋಡುವವರು ಜೆಸಿಬಿ ಚಾಲಕ, ಭಟ್ಟಿಯ ಕೂಲಿ, ಕುರಿ ಕಾಯುವವ, ಹಳ್ಳ ದಾಟಿ ಶಾಲೆಗೆ ಹೋಗುವ ಹುಡುಗಿ. ಅವರಿಗೆ ಎಲುಬು ಯಾವುದು, ಕಲ್ಲು ಯಾವುದು ಎಂದು ಯಾರೂ ಹೇಳಿಕೊಟ್ಟಿಲ್ಲ. ಮಧ್ಯಪ್ರದೇಶದ ಧಾರ್ ಜಿಲ್ಲೆಯ ಒಂದು ಹಳ್ಳಿಯಲ್ಲಿ ಹೊಲದಲ್ಲಿ ಸಿಕ್ಕ ಗುಂಡುಕಲ್ಲುಗಳನ್ನು ಜನ ಕ್ಷೇತ್ರಪಾಲನೆಂದು ತಲೆಮಾರುಗಳಿಂದ ಪೂಜಿಸುತ್ತಿದ್ದರು. ಅವು ಡೈನೊಸಾರ್ ಮೊಟ್ಟೆಗಳೆಂದು ತಜ್ಞರು ಗುರುತಿಸಿದ ಸುದ್ದಿ 2023ರಲ್ಲಿ ಬಂತು. ಆ ಹಳ್ಳಿಗರನ್ನು ನೋಡಿ ನಗುವುದು ತಪ್ಪು. ಅಸಾಧಾರಣವಾದದ್ದನ್ನು ಅವರು ಗುರುತಿಸಿದರು, ಒಡೆಯದೆ ಕಾಪಾಡಿದರು. ಮಾಡಬೇಕಾದ ಮುಖ್ಯ ಕೆಲಸವನ್ನು ಅವರು ಆಗಲೇ ಮಾಡಿದ್ದರು. ಉಳಿದದ್ದು ಹೆಸರು ಹೇಳುವ ಕೆಲಸ ಮಾತ್ರ.

ಈ ವಾದಕ್ಕೆ ವಿಜ್ಞಾನಿಗಳೇ ಎತ್ತುವ ಆಕ್ಷೇಪ ತೂಕದ್ದು. ಎಲುಬಿನ ಬೆಲೆ ಇರುವುದು ಅದು ಕೂತ ಪದರದಲ್ಲಿ. ಯಾವ ಮಣ್ಣು, ಎಷ್ಟು ಆಳ, ಪಕ್ಕದಲ್ಲಿ ಏನಿತ್ತು ಎಂಬುದು ತಿಳಿಯದಿದ್ದರೆ ಅದರ ಕಾಲವನ್ನು ನಿರ್ಧರಿಸುವುದು ಕಷ್ಟ, ಅದು ಬದುಕಿದ್ದ ಲೋಕವನ್ನು ಕಟ್ಟಿಕೊಳ್ಳುವುದು ಅಸಾಧ್ಯ. ಉತ್ಸಾಹದಿಂದ ಕಿತ್ತು ಮನೆಗೆ ಒಯ್ದ ಎಲುಬು ವಿಜ್ಞಾನದ ಪಾಲಿಗೆ ಅರ್ಧ ಸತ್ತಂತೆ. ಹಾಗಾದರೆ ಜನರನ್ನು ದೂರ ಇಡುವುದೇ ಲೇಸಲ್ಲವೇ? ದೂರ ಇಟ್ಟರೆ ಎಲುಬು ಅದೇ ಜಾಗದಲ್ಲಿ ಉಳಿಯುತ್ತದೆ ಎಂಬ ಊಹೆ ಈ ಪ್ರಶ್ನೆಯ ಬೆನ್ನಿಗಿದೆ. ಗುಹೆಯೊಳಗೆ, ಗಟ್ಟಿ ಕಲ್ಲಿನೊಳಗೆ ಅದು ನಿಜವಾಗಬಹುದು. ಕುಸಿಯುವ ದಂಡೆಯಲ್ಲಿ, ಭಟ್ಟಿಗೆ ಹೋಗುವ ಮಣ್ಣಿನಲ್ಲಿ ಅದು ಸುಳ್ಳು. ಅಲ್ಲಿ ಆಯ್ಕೆ ಇರುವುದು ಅರ್ಧ ಮಾಹಿತಿಗೂ ಶೂನ್ಯಕ್ಕೂ ನಡುವೆ. ಮೇಲಾಗಿ ಅರ್ಧವನ್ನು ಮುಕ್ಕಾಲು ಮಾಡುವ ದಾರಿಯೂ ಈಗ ಪ್ರತಿಯೊಬ್ಬರ ಜೇಬಿನಲ್ಲಿದೆ. ಎಲುಬನ್ನು ಮುಟ್ಟುವ ಮೊದಲು ಪಕ್ಕಕ್ಕೊಂದು ಪೆನ್ನು ಇಟ್ಟು ಹತ್ತಿರದಿಂದ ಒಂದು ಫೋಟೊ, ದಂಡೆಯ ಪದರಗಳೆಲ್ಲ ಕಾಣುವಂತೆ ದೂರದಿಂದ ಇನ್ನೊಂದು, ಮೊಬೈಲ್‌ನಲ್ಲಿ ಆ ಜಾಗದ ಗುರುತು. ಇಷ್ಟಾದರೆ ಪದರ ಉಳಿಯಿತು. ಚಿಕ್‌ದೌಲಿಯ ಘೇಂಡಾಮೃಗದ ಬಗ್ಗೆ ನಾವು ಇಂದು ಮಾತಾಡಲು ಸಾಧ್ಯವಾಗಿರುವುದೂ ಅದು ಸಿಕ್ಕ ಊರಿನ ಹೆಸರು ಕಾಗದಕ್ಕೆ ಬಿದ್ದದ್ದರಿಂದಲೇ.

ಇನ್ನೊಂದು ಭಯ ಕಳ್ಳವ್ಯಾಪಾರದ್ದು. ಬೆಲೆ ಗೊತ್ತಾದರೆ ಜನ ಅಗೆದು ಮಾರುತ್ತಾರೆ ಎಂಬ ಮಾತನ್ನು ತಳ್ಳಿಹಾಕುವಂತಿಲ್ಲ. ಗುಜರಾತಿನ ಬಾಲಾಸಿನೋರ್ ಬಳಿಯ ರೈಯೋಲಿಯಲ್ಲಿ ಡೈನೊಸಾರ್ ಎಲುಬು, ಮೊಟ್ಟೆಗಳು ಬೆಳಕಿಗೆ ಬಂದ ಮೇಲೆ ಬಹಳಷ್ಟು ಕಳುವಾದವು. ಬೇಲಿ, ಕಾವಲು, ವಸ್ತುಸಂಗ್ರಹಾಲಯ ಬರುವುದಕ್ಕೆ ದಶಕಗಳು ಹಿಡಿದವು. ನಮ್ಮಲ್ಲಿ ಪಳೆಯುಳಿಕೆಗಳಿಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. ಕೇಂದ್ರದ ಗಣಿ ಸಚಿವಾಲಯ 2022ರ ಡಿಸೆಂಬರ್‌ನಲ್ಲಿ ಭೂಪರಂಪರೆಯ ತಾಣಗಳ ರಕ್ಷಣೆಗೆ ಒಂದು ಕರಡು ಮಸೂದೆಯನ್ನು ಸಾರ್ವಜನಿಕರ ಮುಂದಿಟ್ಟಿತು. ಬಹುಮಟ್ಟಿಗೆ ಎಲ್ಲ ಅಧಿಕಾರವನ್ನೂ ಸರ್ವೇಕ್ಷಣೆಯ ಕೈಗೆ ಕೊಡುವ ಅದರ ರೀತಿಗೆ ಸಂಶೋಧಕರೇ ಆತಂಕ ತೋರಿದರು. ಕಾಯ್ದೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೋಲ್ಕತ್ತದಲ್ಲಿ ಕೇಂದ್ರ ಕಚೇರಿಯಿರುವ ಸಂಸ್ಥೆಯೊಂದು ಹುಕ್ಕೇರಿ ತಾಲ್ಲೂಕಿನ ಪ್ರತಿ ಹಳ್ಳಕ್ಕೂ ಕಾವಲು ನಿಲ್ಲಲಾರದು. ಶಿಕ್ಷೆಯ ಭಯವಷ್ಟೇ ಇದ್ದರೆ, ಹೊಲದಲ್ಲಿ ಎಲುಬು ಸಿಕ್ಕ ರೈತ ಸರಕಾರ ಭೂಮಿ ಕಸಿದುಕೊಂಡೀತು ಎಂದು ಹೆದರಿ ಅದನ್ನು ಹೂತುಬಿಡುತ್ತಾನೆ. ಡಾರ್ಸೆಟ್ಟಿನವರು ಕಂಡುಕೊಂಡ ದಾರಿ ಇಲ್ಲಿ ಉಪಯುಕ್ತ. ಅಲ್ಲಿನ ಕರಾವಳಿ 2001ರಿಂದ ಯುನೆಸ್ಕೊ ವಿಶ್ವಪರಂಪರೆಯ ತಾಣ; ಆದರೂ ಪಶ್ಚಿಮ ಡಾರ್ಸೆಟ್ಟಿನಲ್ಲಿ ಸಂಗ್ರಹಕಾರರಿಗೆ ಬಾಗಿಲು ಮುಚ್ಚಿಲ್ಲ. ಕೆಳಗೆ ಬಿದ್ದದ್ದನ್ನು ಆರಿಸಿಕೊಳ್ಳಬಹುದು, ಬಂಡೆಗೋಡೆಯನ್ನು ಅನುಮತಿಯಿಲ್ಲದೆ ಅಗೆಯುವಂತಿಲ್ಲ, ವಿಜ್ಞಾನಕ್ಕೆ ಮಹತ್ವದ್ದಾದರೆ ದಾಖಲಿಸಬೇಕು ಎಂಬ ನಿಯಮಸಂಹಿತೆ ಅಲ್ಲಿದೆ. ಅದನ್ನು ಇದ್ದಂತೆ ಇಲ್ಲಿಗೆ ತರಲಾಗದು. ಮಾರಾಟಕ್ಕೆ ಅಲ್ಲಿರುವ ಅವಕಾಶವನ್ನು ಇಲ್ಲಿ ಕೊಡುವುದು ನನ್ನ ಮಟ್ಟಿಗೆ ಅಪಾಯವೇ. ಆದರೆ ಕಂಡವರು ಅಪರಾಧಿಯಲ್ಲ, ಕಂಡದ್ದನ್ನು ಹೇಳಿದವರ ಹೆಸರು ದಾಖಲೆಯಲ್ಲಿ ಉಳಿಯುತ್ತದೆ, ಅದಕ್ಕಾಗಿ ಹೊಲ ಹೋಗುವುದಿಲ್ಲ ಎಂಬ ಭರವಸೆ ಕಾಯ್ದೆಯ ಮೊದಲ ಪುಟದಲ್ಲಿರಬೇಕು.

ಇದೆಲ್ಲ ಹೊಟ್ಟೆ ತುಂಬಿದವರ ಹವ್ಯಾಸ, ಕಬ್ಬಿನ ಬಿಲ್ಲು ಬಾಕಿಯಿರುವ ರೈತನಿಗೆ ಸತ್ತ ಘೇಂಡಾಮೃಗದಿಂದ ಏನು ಬರಬೇಕು ಎಂಬ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಉತ್ತರ ಆ ಪ್ರಾಣಿಯ ಹೊಟ್ಟೆಯಲ್ಲೇ ಇದೆ. ಇಂದಿನ ಭಾರತದ ಘೇಂಡಾಮೃಗ ಕಾಜಿರಂಗದಂಥ ಕಡೆ, ಎತ್ತರದ ಹುಲ್ಲು ಮತ್ತು ಜವುಗು ಇರುವಲ್ಲಿ ಬದುಕಿದೆ. ದಖ್ಖನ್ನಿನ ಘೇಂಡಾಮೃಗ ಒಂಟಿ ಸಾಕ್ಷಿಯೂ ಅಲ್ಲ. ಫೂಟ್ ಅವರು ಮಗ ಹೆನ್ರಿಯ ಜೊತೆ 1880ರ ದಶಕದಲ್ಲಿ ಅಗೆದ, ಆಗಿನ ಕರ್ನೂಲು ಜಿಲ್ಲೆಯ ಬಿಲ್ಲಸುರ್ಗಂ ಗುಹೆಗಳಲ್ಲಿ ಘೇಂಡಾಮೃಗದ ಎಲುಬು ಸಿಕ್ಕಿತು. ಗುಜರಾತಿನ ಲಾಂಘಣಜದಲ್ಲಿ ಪುರಾತತ್ವಜ್ಞ ಎಚ್. ಡಿ. ಸಾಂಕಳಿಯಾ ಅವರು ಅಗೆಸಿದ ಶಿಲಾಯುಗದ ನೆಲೆಯಲ್ಲಿ ಅದರ ಭುಜದೆಲುಬು ಸಿಕ್ಕಿತು. ಈಗ ಒಣಭೂಮಿ ಎನಿಸಿಕೊಂಡ ಈ ಎಲ್ಲ ಕಡೆಯೂ ಒಂದು ಕಾಲಕ್ಕೆ ನೀರು, ಹುಲ್ಲು ನಿಲ್ಲುತ್ತಿದ್ದವು. ಹಾಗಾದರೆ ಘಟಪ್ರಭೆಯ ಬಯಲು ಎಂದು ಒಣಗಿತು, ಎಷ್ಟು ಸಲ ಒಣಗಿ ಮತ್ತೆ ನೆನೆಯಿತು? ದಂಡೆಯ ಸುಣ್ಣದ ಹರಳು ಒಣಗಿದ ಕಾಲದ ಗುರುತು, ಗುಂಡುಗಲ್ಲಿನ ಪದರ ರಭಸದ ನೀರಿನ ಗುರುತು, ಹಲ್ಲು ಮೇವಿನ ಗುರುತು. ಹಲ್ಲಿನ ದಂತಕವಚದಲ್ಲಿ ಉಳಿದ ಇಂಗಾಲದ ಸಮಸ್ಥಾನಿಗಳಿಂದ ಆ ಪ್ರಾಣಿ ಹುಲ್ಲು ತಿಂದಿತೋ ಸೊಪ್ಪು ತಿಂದಿತೋ ಎಂದು ಇಂದಿನ ಪ್ರಯೋಗಾಲಯ ಹೇಳಬಲ್ಲದು. ಒಂದು ವರ್ಷ ನೆರೆ, ಮರುವರ್ಷ ಬರ ಎಂದು ಕಂಗೆಟ್ಟಿರುವ, ಹಿಡಕಲ್ ಜಲಾಶಯದ ಮಟ್ಟವನ್ನೇ ನೋಡಿ ಬಿತ್ತುವ ಸೀಮೆಗೆ ತನ್ನ ಹೊಳೆಯ ದೀರ್ಘ ಚರಿತ್ರೆ ಬೇಡವೆಂದರೆ ಇನ್ಯಾರಿಗೆ ಬೇಕು? ಮಳೆಯ ಲೆಕ್ಕವನ್ನು ನಾವು ಬರೆದಿಡತೊಡಗಿ ಹೆಚ್ಚು ಕಾಲವಾಗಿಲ್ಲ. ಅದರ ಹಿಂದಿನ ಲೆಕ್ಕವಿರುವುದು ಈ ದಂಡೆಯಲ್ಲಿ ಮಾತ್ರ.

ಕಡೆಯದಾಗಿ ಒಂದು ಪ್ರಾಯೋಗಿಕ ತೊಡಕಿದೆ. ಕಣ್ಣು ಪಳಗದಿದ್ದರೆ ಕಂಡದ್ದೆಲ್ಲ ಎಲುಬಾಗುತ್ತದೆ. ಸುಣ್ಣದ ಹರಳು ಬೆರಳಿನಂತೆ, ಗೆಣ್ಣಿನಂತೆ ಬೆಳೆಯುತ್ತದೆ. ಕಲ್ಲಿನ ಸೀಳಿನಲ್ಲಿ ಮ್ಯಾಂಗನೀಸ್ ಹರಡಿ ಥೇಟ್ ಜರಿಗಿಡದ ಚಿತ್ರ ಬಿಡಿಸುತ್ತದೆ. ನಾಕು ವರ್ಷದ ಹಿಂದೆ ಸತ್ತ ಎಮ್ಮೆಯ ದವಡೆಯೂ ಹಳ್ಳದಲ್ಲಿ ಹಳೆಯದಾಗಿ ಕಾಣುತ್ತದೆ. ಪಳೆಯುಳಿಕೆಯಾದ ಎಲುಬು ಸಾಮಾನ್ಯವಾಗಿ ತನ್ನ ಗಾತ್ರಕ್ಕಿಂತ ಭಾರ, ಬಡಿದರೆ ಕಲ್ಲಿನ ಸದ್ದು, ಮುರಿದ ಅಂಚಿನಲ್ಲಿ ಸಣ್ಣ ಸಣ್ಣ ರಂಧ್ರಗಳ ಜಾಲ. ಹಲ್ಲಾದರೆ ದಂತಕವಚದ ಮಡಿಕೆಗಳು ಹೊಳೆಯುತ್ತವೆ. ಎಲ್ಲಕ್ಕಿಂತ ಹೆಚ್ಚು ಕಾಲ ಉಳಿಯುವುದೂ ಹಲ್ಲೇ. ಇದನ್ನು ಕಲಿಸಲು ದೊಡ್ಡ ಖರ್ಚಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ವಿಭಾಗವಿದೆ. ಅಲ್ಲಿನ ವಿದ್ಯಾರ್ಥಿಗಳು ಪ್ರತಿ ವರ್ಷ ನೆರೆ ಇಳಿದ ಮೇಲೆ, ನವರಾತ್ರಿಯ ಸುಮಾರಿಗೆ, ಒಂದು ವಾರ ಗೋಕಾಕ, ಹುಕ್ಕೇರಿ, ಮೂಡಲಗಿಯ ಪ್ರೌಢಶಾಲೆಗಳಿಗೆ ಬಂದು ಮಕ್ಕಳ ಜೊತೆ ಒಂದೊಂದು ದಂಡೆಯನ್ನು ಓದಿದರೆ ಸಾಕು. ಹತ್ತರಲ್ಲಿ ಒಂಬತ್ತು ಸುಳ್ಳು ಸುದ್ದಿ ಬರಬಹುದು. ಆ ಒಂಬತ್ತನ್ನು ಸೈರಿಸದೆ ಹತ್ತನೆಯದು ಸಿಗುವುದಿಲ್ಲ.

ಗೋಕಾಕ ಜಲಪಾತಕ್ಕೆ ಮಳೆಗಾಲದಲ್ಲಿ ಸಾವಿರಾರು ಜನ ಬರುತ್ತಾರೆ, ನೀರು ನೋಡಿ ಹೋಗುತ್ತಾರೆ. ಆ ಕಲ್ಲಿನ ವಯಸ್ಸನ್ನೂ ಆ ಘೇಂಡಾಮೃಗದ ಸಂಗತಿಯನ್ನೂ ಕನ್ನಡದಲ್ಲಿ ಬರೆದ ಒಂದು ಫಲಕವನ್ನು ಪ್ರವಾಸೋದ್ಯಮ ಇಲಾಖೆ ಅಲ್ಲಿ ನಿಲ್ಲಿಸಲಿ. ಫೂಟ್ ವರ್ಣಿಸಿದ ದವಡೆಯ ಒಂದು ಅಚ್ಚನ್ನು ಸರ್ವೇಕ್ಷಣೆಯಿಂದ ಕೇಳಿ ತರಿಸಿ ಚಿಗಡೊಳ್ಳಿಯ ಶಾಲೆಗೆ ಕೊಡಲಿ. ಅಲ್ಲಿಯವರೆಗೆ ಹೊಳೆಸಾಲಿನ ಓದುಗರಲ್ಲಿ ಒಂದು ಕೇಳಿಕೆ. ಈ ಸಲ ನೀರು ಇಳಿದ ಮೇಲೆ ನಿಮ್ಮ ಹೊಲದ ಬದಿಯ ಹಳ್ಳದಲ್ಲಿ ಸುಣ್ಣದ ಹರಳಿನ ನಡುವೆ ಭಾರದ ಹಲ್ಲೊಂದು ಕಂಡರೆ ಕೀಳಬೇಡಿ, ಒಡೆಯಬೇಡಿ. ಫೋಟೊ ತೆಗೆದು, ಜಾಗ ಗುರುತು ಮಾಡಿ, ನಿಮ್ಮೂರಿನ ವಿಜ್ಞಾನದ ಮೇಷ್ಟ್ರಿಗೆ ತೋರಿಸಿ, ಅವರ ಮೂಲಕ ಧಾರವಾಡಕ್ಕೆ ಸುದ್ದಿ ಮುಟ್ಟಿಸಿ.